‘ಬಚ್ಚಲಲ್ಲಿ ಜಾರಿ ಬಿದ್ದೆ’ ಎಂದ ಮೇಲೆ

(ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಉಳಿತಾಯದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದರು. ಅರ್ಥಶಾಸ್ತ್ರ ಪಾಠ ಮಾಡಿದವಳು ನಾನು, ಹೇಳಬಹುದಿತ್ತು. ಆದರೆ ಹತ್ತು ರೂಪಾಯಿ ಹೇಗೆ ಉಳಿಸಬೇಕು ಎನ್ನುವುದನ್ನು ನೀವೇ ನನಗೆ ಕಲಿಸಬಲ್ಲಿರಿ. ಅದಕ್ಕೇ ಇವತ್ತು ಬೇರೆ ವಿಷಯ ಹೇಳಲು ಅಪ್ಪಣೆ ಕೇಳಿದೆ. ನನ್ನ ತಲೆಗೆ ಬಿದ್ದ ಒಂದು ಪೆಟ್ಟು, ಅದರಿಂದ ಹೋದ ಕೆಲಸ, ಆಮೇಲೆ ಕೈಹಿಡಿದ ಹೆಂಗಸರು — ಇಷ್ಟೇ ವಿಷಯ. ಚೀಟಿ ಹಿಡಿದು ಓದುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಚೀಟಿ ಇಲ್ಲದಿದ್ದರೆ ಮಾತಿನ ಎಳೆ ತಪ್ಪಿಹೋಗುತ್ತದೆ. ಇದೂ ಆ ಪೆಟ್ಟಿನಿಂದಲೇ ಉಳಿದದ್ದು.

ನನ್ನ ಮದುವೆಯಲ್ಲಿ ವರದಕ್ಷಿಣೆ ತೆಗೆದುಕೊಳ್ಳಲಿಲ್ಲ ಎಂದು ಗಂಡನ ಮನೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ‘ಹುಡುಗಿ ಲೆಕ್ಚರರ್, ಅದೇ ಸಾಕು’ ಎಂದಿದ್ದರು. ಆ ಮಾತಿನ ಅರ್ಥ ಮದುವೆಯಾದ ಮೊದಲ ತಿಂಗಳೇ ತಿಳಿಯಿತು. ಸಂಬಳದ ಕವರನ್ನು ಒಡೆಯದೆ ತಂದು ಕೊಡಬೇಕು. ಬಸ್ಸಿನ ಖರ್ಚನ್ನು ಮಾತ್ರ ಎಣಿಸಿ ಕೊಡುವರು. ಒಂದೇ ಸಲಕ್ಕೆ ಕೊಟ್ಟರೆ ಅದು ವರದಕ್ಷಿಣೆ. ತಿಂಗಳು ತಿಂಗಳು ಕಂತಿನಲ್ಲಿ ಕಿತ್ತುಕೊಂಡರೆ ಅದಕ್ಕೆ ಸಂಸಾರ ಎಂದು ಹೆಸರು. 1961ರಲ್ಲೇ ವರದಕ್ಷಿಣೆ ನಿಷೇಧ ಕಾಯ್ದೆ ಬಂದಿತ್ತು. ನಾನು ಅದನ್ನು ತರಗತಿಯಲ್ಲಿ ಪ್ರಸ್ತಾಪಿಸುತ್ತಲೂ ಇದ್ದೆ. ನನ್ನ ಕವರಿಗೂ ಆ ಕಾಯ್ದೆಗೂ ಸಂಬಂಧವಿದೆ ಎಂದು ಮಾತ್ರ ಹೊಳೆದಿರಲಿಲ್ಲ.

1996ರಲ್ಲಿ ನನ್ನ ತಂದೆಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಆ ತಿಂಗಳ ಸಂಬಳದಲ್ಲಿ ಎಂಟುನೂರು ರೂಪಾಯಿಯನ್ನು ಅಪ್ಪನಿಗೆ ಕಳಿಸಿದೆ. ಅಂದು ರಾತ್ರಿ ಗಂಡ ನನ್ನ ಜಡೆ ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದರು. ಎಷ್ಟು ಸಲ ಎಂದು ನನಗೆ ನೆನಪಿಲ್ಲ. ಎಚ್ಚರವಾದಾಗ ನೆಲದ ಮೇಲಿದ್ದೆ. ಅತ್ತೆ ರಕ್ತ ಒರೆಸುತ್ತಿದ್ದರು. ಡಾಕ್ಟರ ಹತ್ತಿರ ಹೋಗುವಾಗ ದಾರಿಯಲ್ಲೇ ಪಾಠವಾಯಿತು: ‘ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಹೇಳು. ಮನೆ ಮರ್ಯಾದೆ.’ ನಾನು ಹಾಗೆಯೇ ಹೇಳಿದೆ. ಡಾಕ್ಟರು ಆರು ಹೊಲಿಗೆ ಹಾಕಿ, ಎಕ್ಸ್‌ರೇ ತೆಗೆಸಿ, ಮೂಳೆ ಮುರಿದಿಲ್ಲ ಎಂದು ಕಳಿಸಿದರು. ಚೀಟಿಯಲ್ಲಿ ‘ಮನೆಯಲ್ಲಿ ಜಾರಿ ಬಿದ್ದದ್ದು’ ಎಂದು ಬರೆದರು.

ಹತ್ತು ದಿನಕ್ಕೆ ಹೊಲಿಗೆ ಒಣಗಿತು. ಕಾಲೇಜಿಗೆ ಹೋದೆ. ಆಗ ಶುರುವಾಯಿತು ನಿಜವಾದ ತೊಂದರೆ. ಹತ್ತು ವರ್ಷ ಕಲಿಸಿದ ಪಾಠ, ಅರ್ಧಕ್ಕೆ ಬಂದಾಗ ಮುಂದಿನ ಪದ ಸಿಗುತ್ತಿರಲಿಲ್ಲ. ಹಾಜರಿ ಕೂಗುವಾಗ ಒಂದೇ ಹೆಸರನ್ನು ಎರಡು ಸಲ ಕೂಗುತ್ತಿದ್ದೆ. ಟ್ಯೂಬ್‌ಲೈಟಿನ ಬೆಳಕು, ಹುಡುಗರ ಗದ್ದಲ ಎರಡೂ ಸೇರಿದರೆ ತಲೆ ಸಿಡಿಯುತ್ತಿತ್ತು. ಮಧ್ಯಾಹ್ನವಾಗುವಷ್ಟರಲ್ಲಿ ಮೈಯೆಲ್ಲ ಸೋತು ಸ್ಟಾಫ್‌ರೂಮಿನ ಮೇಜಿಗೆ ತಲೆಯಿಟ್ಟು ಮಲಗಿಬಿಡುತ್ತಿದ್ದೆ. ಸಣ್ಣದಕ್ಕೂ ಸಿಟ್ಟು, ಇಲ್ಲದಿದ್ದರೆ ಅಳು. ಅಂಕಪಟ್ಟಿಯಲ್ಲಿ ಒಬ್ಬನ ಅಂಕವನ್ನು ಇನ್ನೊಬ್ಬನಿಗೆ ಬರೆದೆ. ಮನೆಯಲ್ಲಿ ಸಾರು ಸೀದರೂ ಮೂಗಿಗೆ ವಾಸನೆ ಹತ್ತುತ್ತಿರಲಿಲ್ಲ.

ಎಂಟು ತಿಂಗಳು ಹೀಗೆ ಕಳೆಯಿತು. ಕಾಲೇಜು ಖಾಸಗಿಯದು, ಸರ್ಕಾರದ ಅನುದಾನವಿಲ್ಲದ್ದು. ಆಡಳಿತ ಮಂಡಳಿಯವರು ಕರೆಸಿದರು. ‘ನಿಮಗೆ ಮೊದಲಿನ ಆಸಕ್ತಿ ಇಲ್ಲ, ಮನೆಯ ಚಿಂತೆ ಕಾಲೇಜಿಗೆ ತರುತ್ತೀರಿ. ತೆಗೆದುಹಾಕಿದರೆ ನಿಮಗೇ ಕೆಟ್ಟ ಹೆಸರು, ನೀವೇ ರಾಜೀನಾಮೆ ಕೊಡಿ’ ಎಂದರು. ಪೆಟ್ಟು ಬಿದ್ದದ್ದರಿಂದ ಹೀಗಾಗುತ್ತಿದೆ ಎಂದು ಹೇಳಲು ಬಾಯಿ ತೆರೆದೆ. ಜಾರಿ ಬಿದ್ದ ಗಾಯ ಮಾಯ್ದು ಎಂಟು ತಿಂಗಳಾಗಿದೆಯಲ್ಲ ಎಂದರು. ಅವರ ಕೈಯಲ್ಲಿ ಡಾಕ್ಟರ ಚೀಟಿಯ ನಕಲು ಇತ್ತು. ನನ್ನ ಸುಳ್ಳು ನನ್ನ ಬಾಯನ್ನೇ ಕಟ್ಟಿತು. ಅವರೆದುರೇ ಕೂತು, ನನ್ನ ಕೈಯಾರೆ ರಾಜೀನಾಮೆ ಬರೆದುಕೊಟ್ಟೆ.

ಕವರು ನಿಂತ ಮೇಲೆ ಗಂಡನ ಮನೆಯಲ್ಲಿ ನನಗೆ ಜಾಗವೂ ಇಲ್ಲವಾಯಿತು. ಎರಡನೇ ತಿಂಗಳಲ್ಲಿ ತವರಿಗೆ ತಂದು ಬಿಟ್ಟು ಹೋದರು. ಬುದ್ಧಿ ಸರಿಯಿಲ್ಲ ಎಂದು ಊರಿಗೆಲ್ಲ ಹೇಳಿದರು. 1983ರಿಂದ 498ಎ ಕಲಂ ಇತ್ತು, ವಕೀಲರ ಹತ್ತಿರ ಹೋದೆ. ಅವರು ಚೀಟಿ ನೋಡಿ, ‘ಇಲ್ಲಿ ನೀವೇ ಬಿದ್ದೆ ಅಂದಿದ್ದೀರಲ್ಲಮ್ಮ, ಇದೇ ಅವರಿಗೆ ಸಾಕ್ಷಿಯಾಗುತ್ತೆ’ ಎಂದರು.

ತವರಿನ ಪಕ್ಕದ ಮನೆಯಲ್ಲಿ ಒಬ್ಬ ಅಕ್ಕ ಇದ್ದರು. ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸ, ಓದಿದ್ದು ಏಳನೇ ತರಗತಿ. ಒಂದು ಸಂಜೆ ನಾನು ಗ್ಯಾಸ್ ಹಾಗೇ ತೆರೆದು ಬಿಟ್ಟಿದ್ದೆ. ವಾಸನೆ ನನಗೆ ತಿಳಿಯಲಿಲ್ಲ. ಅವರು ಓಡಿಬಂದು ಸಿಲಿಂಡರ್ ಬಂದ್ ಮಾಡಿ, ಕಿಟಕಿ ತೆರೆದು, ನನ್ನ ಪಕ್ಕ ಕೂತರು. ‘ಮೇಡಮ್ಮೋರೇ, ಸಾಯೋಕೆ ಹೊರಟಿದ್ರಾ?’ ಎಂದು ಕೇಳಿದರು. ಇಲ್ಲ, ನನಗೆ ವಾಸನೆಯೇ ಬರುವುದಿಲ್ಲ ಎಂದೆ. ಯಾವತ್ತಿಂದ ಎಂದರು. ಆವತ್ತು ಮೊದಲ ಸಲ ನಡೆದದ್ದನ್ನೆಲ್ಲ ನಡೆದ ಹಾಗೇ ಹೇಳಿದೆ. ಅವರು ಅಳಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ‘ನಮ್ಮ ಸಂಘದಲ್ಲಿ ಇಬ್ಬರಿಗೆ ಹೀಗೇ ಆಗೈತೆ. ದೊಡ್ಡಾಸ್ಪತ್ರೆಗೆ ಹೋಗಾನ ನಡೀರಿ’ ಎಂದರು. ಸಂಘದ ಹಣದಲ್ಲಿ ಸಾಲ ಕೊಡಿಸಿದರು. ಒಂದು ದಿನದ ಕೂಲಿ ಬಿಟ್ಟು ಬೆಂಗಳೂರಿನ ನಿಮ್ಹಾನ್ಸ್‌ಗೆ ನನ್ನ ಜೊತೆ ಬಂದರು.

ಅಲ್ಲಿ ಪದಗಳ ಪಟ್ಟಿ ಓದಿ ನೆನಪಿಟ್ಟು ಹೇಳಿ ಎಂದರು, ಚಿತ್ರ ಬರೆಸಿದರು, ಲೆಕ್ಕ ಮಾಡಿಸಿದರು. ಕೊನೆಗೆ ಡಾಕ್ಟರು ತಿಳಿಸಿ ಹೇಳಿದರು. ಮಿದುಳು ಮೆತ್ತಗಿನ ಅಂಗ. ತಲೆ ಗೋಡೆಗೆ ಬಡಿದಾಗ ಅದು ಒಳಗೇ ಅಲುಗಾಡಿ ಬುರುಡೆಗೆ ತಾಗುತ್ತದೆ, ನವಿರಾದ ನರತಂತುಗಳು ಎಳೆದಂತಾಗಿ ಹಾಳಾಗುತ್ತವೆ. ಎಕ್ಸ್‌ರೇ ಮೂಳೆಯನ್ನು ತೋರಿಸುತ್ತದೆ, ಮಿದುಳಿನ ಗಾಯವನ್ನು ತೋರಿಸುವುದಿಲ್ಲ. ಸಿ.ಟಿ. ಸ್ಕ್ಯಾನಿನಲ್ಲಿ ಕೂಡ ಇಂಥ ಗಾಯ ಕಾಣದೆ ಹೋಗಬಹುದು. ಮರೆವು, ದಣಿವು, ತಲೆನೋವು, ಸಿಟ್ಟು, ವಾಸನೆ ಹೋಗುವುದು ಎಲ್ಲವೂ ಅದರ ಲಕ್ಷಣಗಳು. ‘ನಿಮಗೆ ಹುಚ್ಚಲ್ಲ, ಸೋಮಾರಿತನವಲ್ಲ, ಗಾಯವಾಗಿದೆ’ ಎಂದರು. ಆ ಮಾತು ಕೇಳಿ ನಾನು ಎಷ್ಟು ಅತ್ತೆನೆಂದರೆ ಆ ಅಕ್ಕ ತನ್ನ ಸೆರಗನ್ನೇ ಕೊಟ್ಟರು.

ಅವರು ಕಲಿಸಿದ ಉಪಾಯಗಳು ಸರಳವಾಗಿದ್ದವು. ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡು. ಒಂದು ಹೊತ್ತಿಗೆ ಒಂದೇ ಕೆಲಸ. ಇಪ್ಪತ್ತು ನಿಮಿಷ ದುಡಿದರೆ ಸ್ವಲ್ಪ ಹೊತ್ತು ಸುಮ್ಮನೆ ಕೂರು. ನಿದ್ದೆ ಕೆಡಿಸಿಕೊಳ್ಳಬೇಡ. ಡಬ್ಬಿಗಳಿಗೆ ಹೆಸರು ಅಂಟಿಸು. ಇನ್ನೊಂದು ಪೆಟ್ಟು ಬೀಳದಂತೆ ತಲೆಯನ್ನು ಕಾಪಾಡಿಕೋ.

ಊರಿಗೆ ಬಂದ ಮೇಲೆ ಸಂಘದವರು ಮಾಡಿದ ಕೆಲಸವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅವರು ಉಳಿತಾಯದ ಲೆಕ್ಕದ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಇಪ್ಪತ್ತು ಹೆಂಗಸರು, ವಾರಕ್ಕೆ ಐದು ರೂಪಾಯಿ. ಅಂಕಪಟ್ಟಿ ತಪ್ಪು ಬರೆದು ಕೆಲಸ ಕಳೆದುಕೊಂಡವಳಿಗೆ ಇನ್ನೊಬ್ಬರ ದುಡ್ಡಿನ ಲೆಕ್ಕ! ನನ್ನ ಕೈ ನಡುಗಿತು. ‘ನೀವು ಬರೀರಿ, ನಾವು ಗಟ್ಟಿಯಾಗಿ ಓದಿ ನೋಡ್ತೀವಿ. ತಪ್ಪಾದ್ರೆ ತಿದ್ದಾನ’ ಎಂದರು. ಮೊದಲ ವಾರ ಮೂರು ತಪ್ಪು ಮಾಡಿದೆ. ಯಾರೂ ನಗಲಿಲ್ಲ. ಆರನೇ ತಿಂಗಳಿಗೆ ಒಂದೂ ತಪ್ಪಿಲ್ಲದ ಪುಟ ಬಂತು. ಏಳನೇ ತರಗತಿ ಓದಿದವರು ಎಂ.ಎ. ಓದಿದವಳನ್ನು ಹೀಗೆ ಮತ್ತೆ ಬರೆಯಲು ಕೂರಿಸಿದರು.

1999ರಲ್ಲಿ ಒಂದು ಸಂಜೆ ಕಾಲೇಜಿನಲ್ಲಿ ವಾರಕ್ಕೆ ಎರಡು ಪೀರಿಯಡ್ ಸಿಕ್ಕಿತು. ಈ ಸಲ ಪ್ರಿನ್ಸಿಪಾಲರಿಗೆ ಮೊದಲೇ ನಿಜ ಹೇಳಿದೆ: ಟಿಪ್ಪಣಿ ನೋಡಿಕೊಂಡು ಪಾಠ ಮಾಡುತ್ತೇನೆ, ಅಂಕಗಳನ್ನು ಇನ್ನೊಬ್ಬರು ಒಮ್ಮೆ ನೋಡಲಿ. ಅವರು ಒಪ್ಪಿದರು. ಎರಡು ಪೀರಿಯಡ್ ನಾಲ್ಕಾಯಿತು, ಮುಂದೆ ಪೂರ್ಣ ಕೆಲಸವಾಯಿತು. 2019ರಲ್ಲಿ ಅಲ್ಲಿಂದಲೇ ನಿವೃತ್ತಳಾದೆ. ವಾಸನೆ ಮಾತ್ರ ವಾಪಸು ಬರಲಿಲ್ಲ. ಇಂದಿಗೂ ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಎರಡು ಸಲ ಮುಟ್ಟಿ ನೋಡುತ್ತೇನೆ.

ಅಕ್ಕತಂಗಿಯರೇ, ನನ್ನ ಕತೆ ಕೇಳಿ ಅಯ್ಯೋ ಪಾಪ ಎನ್ನಬೇಡಿ. ಈ ಕೆಲವು ಮಾತುಗಳನ್ನು ಮಾತ್ರ ಮನೆಗೆ ಒಯ್ಯಿರಿ.

ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿ, ಫಿಟ್ಸ್, ಮಂಪರು, ತೊದಲು ಮಾತು, ಕಿವಿ ಮೂಗಿನಿಂದ ರಕ್ತ ಅಥವಾ ನೀರು, ಹೆಚ್ಚುತ್ತಲೇ ಹೋಗುವ ತಲೆನೋವು — ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಕತ್ತು ಹಿಸುಕಿದರೂ ಅಷ್ಟೇ. ಮಿದುಳಿಗೆ ರಕ್ತ ಹೋಗುವುದು ನಿಂತು ಹಾನಿಯಾಗುತ್ತದೆ, ಹೊರಗೆ ಗುರುತೇ ಇಲ್ಲದಿರಬಹುದು.

ಡಾಕ್ಟರಿಗೆ ನಿಜ ಹೇಳಿ. ಯಾರು ಹೊಡೆದರು, ಯಾವುದರಿಂದ ಹೊಡೆದರು, ಪ್ರಜ್ಞೆ ತಪ್ಪಿತ್ತೇ ಎಲ್ಲವನ್ನೂ ಬರೆಸಿ. ಮೆಡಿಕೋ ಲೀಗಲ್ ಕೇಸ್ ಎಂದು ದಾಖಲಿಸಲು ಕೇಳಿ. ಹೊಡೆದವರೇ ಜೊತೆಗೆ ನಿಂತಿದ್ದರೆ ಹೆಂಗಸಿಗೆ ಮಾತು ಬರುವುದಿಲ್ಲ. ನಾನು ಸುಳ್ಳು ಹೇಳಿದ್ದು ಆ ಭಯದಿಂದಲೇ. ಅದಕ್ಕೇ ಸಂಘದ ಒಬ್ಬರು ಜೊತೆಗೆ ಹೋಗಬೇಕು, ಗಂಡನನ್ನು ಹೊರಗೆ ಕೂರಿಸಿ ಎಂದು ನರ್ಸಮ್ಮನಿಗೆ ಹೇಳಬೇಕು.

ನನ್ನ ಕಾಲಕ್ಕೆ ಇಲ್ಲದ ಕಾನೂನು ಈಗ ಇದೆ. ಕೌಟುಂಬಿಕ ದೌರ್ಜನ್ಯದ 2005ರ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಚಿಕಿತ್ಸೆಯ ಖರ್ಚಷ್ಟೇ ಅಲ್ಲ, ಹೊಡೆತದಿಂದ ಹೋದ ದುಡಿಮೆಯ ನಷ್ಟವನ್ನೂ ಕೊಡಿಸುವ ಅಧಿಕಾರ ಅದರಡಿ ಮ್ಯಾಜಿಸ್ಟ್ರೇಟರಿಗೆ ಇದೆ. ನಮ್ಮ ರಾಜ್ಯದಲ್ಲಿ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ, ದೂರು ಅವರಲ್ಲಿಗೆ ಒಯ್ಯಬಹುದು. 498ಎ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಇದೆ. ಮಹಿಳಾ ಸಹಾಯವಾಣಿ 181. ಕಾನೂನು ನೆರವಿಗೆ 15100. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ.

ಕಡೆಯದಾಗಿ, ಯಾರು ಒತ್ತಾಯಿಸಿದರೂ ಕೂತಲ್ಲೇ ರಾಜೀನಾಮೆ ಬರೆಯಬೇಡಿ, ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಬೇಡಿ. ‘ಮನೆಯಲ್ಲಿ ಕೇಳಿ ನಾಳೆ ಹೇಳುತ್ತೇನೆ’ ಎಂದು ಎದ್ದು ಬನ್ನಿ. ರಜೆ ಕೇಳಿ, ಹಗುರ ಕೆಲಸ ಕೇಳಿ, ಬರವಣಿಗೆಯಲ್ಲಿ ಕೇಳಿ. ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳಲ್ಲಿ, ಕೆಲಸದಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ತೆಗೆದುಹಾಕಬಾರದು, ಅದೇ ಸಂಬಳದ ಬೇರೆ ಕೆಲಸ ಕೊಡಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಖಾಸಗಿಯಲ್ಲಿ, ಗಾರ್ಮೆಂಟ್ಸಿನಲ್ಲಿ, ಮನೆಗೆಲಸದಲ್ಲಿ ದುಡಿಯುವವರಿಗೆ ಆ ರಕ್ಷಣೆ ಇನ್ನೂ ಇಲ್ಲ. ಅದಕ್ಕಾಗಿ ನಾವು ಹೋರಾಡಬೇಕಾಗಿದೆ.

ನಿಮ್ಮ ಸಂಘದಲ್ಲಿ ಯಾರಾದರೂ ಇತ್ತೀಚೆಗೆ ಕಂತು ಕಟ್ಟುವ ದಿನ ಮರೆಯುತ್ತಿರಬಹುದು, ಸುಮ್ಮನೆ ರೇಗುತ್ತಿರಬಹುದು, ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುತ್ತಿರಬಹುದು. ಅವರಿಗೆ ದಂಡ ಹಾಕುವ ಮುಂಚೆ, ಪಕ್ಕಕ್ಕೆ ಕರೆದು ಕೂರಿಸಿಕೊಂಡು, ‘ತಲೆಗೆ ಏನಾದರೂ ಪೆಟ್ಟು ಬಿತ್ತಾ ಅಕ್ಕ?’ ಎಂದು ಕೇಳಿ. ಬಚ್ಚಲಲ್ಲಿ ಜಾರಿ ಬಿದ್ದೆ ಎಂದರೆ, ಮುಂದಿನ ವಾರ ಇನ್ನೊಮ್ಮೆ ಕೇಳಿ.

ನನ್ನ ಚೀಟಿ ಇಲ್ಲಿಗೆ ಮುಗಿಯಿತು.