ಪಾಠಕ್ಕೆ ಮುನ್ನ

ಪಾಠವೆಂಬುದು ವಿದ್ಯಾರ್ಥಿಗಳು ಬಂದು ಕುಳಿತ ಮೇಲೆ ಆರಂಭವಾಗುತ್ತದೆಂಬುದು ಸಾಮಾನ್ಯರ ತಿಳಿವಳಿಕೆ. ಯೋಗಾಸನಗಳನ್ನು ಹೇಳಿಕೊಡುವವನ ಅನುಭವ ಬೇರೆ. ಬೆಳಗಿನ ಜಾವ ಬಾಗಿಲ ಬೀಗ ತೆಗೆದು ಅವನು ಪೊರಕೆಯನ್ನು ಕೈಗೆತ್ತಿಕೊಂಡಾಗಲೇ ಆ ದಿನದ ಪಾಠ ಆರಂಭವಾಗಿರುತ್ತದೆ.

ಯೋಗಕ್ಕೆ ತಕ್ಕ ಎಡೆ ಯಾವುದೆಂದು ನಮ್ಮ ಪೂರ್ವಿಕರು ಯೋಚಿಸದೆ ಇಲ್ಲ. ಶ್ವೇತಾಶ್ವತರ ಉಪನಿಷತ್ತು ಕೇಳುವುದು ಸಮತಟ್ಟಾದ, ಶುಚಿಯಾದ ನೆಲವನ್ನು. ಅಲ್ಲಿ ಹರಳಿರಬಾರದು, ಬೆಂಕಿಯಿರಬಾರದು. ಅದು ಮನಸ್ಸಿಗೆ ಹಿತವಾಗಿರಬೇಕು, ಕಣ್ಣಿಗೆ ಹಿಂಸೆಯಾಗಬಾರದು. ಆಸನವು ಅತಿ ಎತ್ತರವೂ ಅತಿ ತಗ್ಗೂ ಆಗಿರದೆ ಸ್ಥಿರವಾಗಿರಲೆಂದು ಭಗವದ್ಗೀತೆಯ ಆರನೆಯ ಅಧ್ಯಾಯ ಹೇಳುತ್ತದೆ. ಹಠಯೋಗಪ್ರದೀಪಿಕೆಯ ಸ್ವಾತ್ಮಾರಾಮನು ಬಣ್ಣಿಸುವುದು ಚಿಕ್ಕ ಬಾಗಿಲಿನ, ಸಗಣಿಯಿಂದ ಸಾರಿಸಿದ, ಕ್ರಿಮಿಕೀಟಗಳಿಲ್ಲದ ಕುಟೀರವನ್ನು. ಇವೆಲ್ಲವೂ, ಅಲ್ಲಿ ಬಂದು ಕೂರುವವನ ಮಂಡಿ, ಕಣ್ಣು, ಉಸಿರುಗಳನ್ನು ನೆನೆದು ಆಡಿದ ಮಾತುಗಳು.

ಇದನ್ನು ಓದಿಯೂ ನಾನು ಅರಿಯದೆ ಹೋದದ್ದುಂಟು. ಮೊದಮೊದಲು ಒಂದು ಶಾಲೆಯ ಹಜಾರದಲ್ಲಿ ಪಾಠ ನಡೆಸುತ್ತಿದ್ದೆ. ಹಜಾರವನ್ನು ಪವಿತ್ರಗೊಳಿಸಬೇಕೆಂಬ ಹಟ ನನಗೆ. ಪತಂಜಲಿಯ ಚಿತ್ರಕ್ಕೆ ಹಾರ, ಮೂಲೆಮೂಲೆಗೂ ಊದುಬತ್ತಿ, ಕೆಂಡದ ಮೇಲೆ ಸಾಂಬ್ರಾಣಿ. ಪರಿಮಳ ಹೊರಹೋಗದಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚುತ್ತಿದ್ದೆ. ಆ ಗುಂಪಿನಲ್ಲಿ ನಡುವಯಸ್ಸಿನ ದರ್ಜಿಯೊಬ್ಬರಿದ್ದರು. ಉಬ್ಬಸದ ರೋಗಿ, ಸಂಕೋಚದ ಮನುಷ್ಯ, ಯಾವಾಗಲೂ ಬಾಗಿಲ ಬಳಿಯೇ ಕೂರುವರು. ಒಂದು ದಿನ ಪಾಠದ ನಡುವೆ ಎದ್ದು ಹೋದರು. ಅಶಿಸ್ತೆಂದು ನನಗೆ ಸಿಟ್ಟು ಬಂತು. ಪಾಠ ಮುಗಿಸಿ ಹೊರಬಂದು ನೋಡಿದರೆ, ಮೆಟ್ಟಿಲ ಮೇಲೆ ಮಂಡಿಗೆ ಕೈಯೂರಿ, ಮುಂದಕ್ಕೆ ಬಾಗಿ ಉಸಿರಿಗಾಗಿ ಹೆಣಗುತ್ತಿದ್ದಾರೆ. ತುಸು ಸುಧಾರಿಸಿಕೊಂಡ ಮೇಲೆ ಅವರೆಂದರು: "ತಪ್ಪು ತಿಳೀಬೇಡಿ ಮೇಷ್ಟ್ರೇ, ನನಗೆ ಹೊಗೆ ಆಗೋದಿಲ್ಲ. ದೇವರ ಮುಂದಿನ ಹೊಗೆ, ಬೇಡ ಅಂತ ಹೇಗೆ ಹೇಳಲಿ?"

ಉಸಿರಾಟವನ್ನು ಕಲಿಸಹೊರಟವನೇ ಉಸಿರನ್ನು ಕಸಿದಿದ್ದೆ. ಮರುದಿನ ಅವರು ಬರಲಿಲ್ಲ. ವಾರ ಕಳೆದರೂ ಬರಲಿಲ್ಲ. ಕೊನೆಗೆ ನಾನೇ ಅವರ ಅಂಗಡಿಗೆ ಹೋಗಿ, ಕಿಟಕಿಗಳನ್ನು ತೆರೆದಿಟ್ಟಿದ್ದೇನೆ, ಬನ್ನಿ ಎಂದು ಕರೆದುಬಂದೆ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾದದ್ದು 1933ರಲ್ಲಿ. ಮರುವರ್ಷ ಆ ಊರಿಗೆ ಬಂದವರಲ್ಲಿ, ಕಾಯಿಲೆಗಳಿಂದ ಬಡವಾಗಿದ್ದ ಹುಡುಗನೊಬ್ಬನಿದ್ದ, ಆಚಾರ್ಯರ ಭಾವಮೈದುನ. ಮುಂದೆ ಬಿ. ಕೆ. ಎಸ್. ಅಯ್ಯಂಗಾರ್ ಎಂದು ಜಗತ್ತು ಬಲ್ಲದ್ದು ಅವನನ್ನೇ. 1975ರಲ್ಲಿ ಪುಣೆಯಲ್ಲಿ ತೆರೆದ ಅವರ ಸಂಸ್ಥೆಯಲ್ಲಿ ಗೋಡೆಗೆ ಕಟ್ಟಿದ ಹಗ್ಗ, ಮರದ ತುಂಡು, ಮಡಿಸಿದ ಕಂಬಳಿಗಳಿಗೆ ಸ್ಥಾನವಿತ್ತು. ಬಾಗಲಾರದ ಮೈಗೂ ಆಸನ ದಕ್ಕಲೆಂಬ ಏರ್ಪಾಡು ಅದು. ದುರ್ಬಲ ದೇಹದ ಕಷ್ಟವನ್ನು ಉಂಡವರಿಗೆ ಮಾತ್ರ ಹೊಳೆಯಬಹುದಾದ ಏರ್ಪಾಡು.

ಈಗಲೂ ಹಾರವನ್ನು ಹಾಕುತ್ತೇನೆ, ಕೈಮುಗಿಯುತ್ತೇನೆ. ಅದಕ್ಕೂ ಮೊದಲು ಕಿಟಕಿ ತೆರೆಯುತ್ತೇನೆ. ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ನೆಲದ ಮೇಲೆ ಬರಿಗಾಲಲ್ಲಿ ಒಮ್ಮೆ ನಡೆದು ನೋಡುತ್ತೇನೆ. ಎಲ್ಲಿ ಒಂದು ಹರಳು ಕಾಲಿಗೆ ಚುಚ್ಚುತ್ತದೆಯೋ ಅಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ತಲೆಯೂರಿ ಮಲಗಲಿದ್ದಾರೆ.