ಕೌಂಟ್ ಏರಿದರೆ ಸಾಲದು, ಕಣ ತಲುಪಬೇಕು



ಜ್ವರ ಮೂರ್ನಾಲ್ಕು ದಿನ ಇಳಿಯದಿದ್ದರೆ ರಕ್ತಪರೀಕ್ಷೆ ಮಾಡಿಸುತ್ತೇವೆ. ರಿಪೋರ್ಟ್ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ಬಿಳಿ ರಕ್ತಕಣದ ಸಾಲಿಗೆ. ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ 4,000ದಿಂದ 11,000ದವರೆಗೆ ಇದ್ದರೆ ಸರಿ. 20,000 ದಾಟಿತೋ, ‘ಕೌಂಟ್ ಜಾಸ್ತಿಯಾಗಿದೆ, ಇನ್ಫೆಕ್ಷನ್ ಇದೆ’ ಅನ್ನುತ್ತೇವೆ. ಆದರೆ ಕಣಗಳು ಎಷ್ಟಿವೆ ಎಂಬುದು ಒಂದು ಪ್ರಶ್ನೆ. ಅವು ಸೋಂಕಿನ ಜಾಗಕ್ಕೆ ಹೋಗಿ ಮುಟ್ಟುತ್ತಿವೆಯೇ ಎಂಬುದು ಇನ್ನೊಂದು. ಸೋಂಕು ವಿಕೋಪಕ್ಕೆ ಹೋದಾಗ ಈ ಎರಡನೆಯದು ಕೈಕೊಡುತ್ತದೆ. ಇವತ್ತಿನ ಮಾತು ಅದರ ಬಗ್ಗೆ.

ಕಣಗಳು ಅಪಾಯ ಇರುವ ಕಡೆಗೆ ತಾವಾಗಿ ಸಾಗುತ್ತವೆ ಎಂದು ತೋರಿಸಿಕೊಟ್ಟವರು ರಷ್ಯಾದ ಇಲ್ಯಾ ಮೆಚ್ನಿಕಾಫ್. 1882, ಸಿಸಿಲಿ ದ್ವೀಪದ ಮೆಸ್ಸೀನಾ. ಮನೆಯವರು ಸರ್ಕಸ್ ನೋಡಲು ಹೋಗಿದ್ದರು. ಇವರು ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. ನಕ್ಷತ್ರಮೀನಿನ ಮರಿಯ ಪಾರದರ್ಶಕ ಮೈಯೊಳಗೆ ಗುಲಾಬಿ ಗಿಡದ ಮುಳ್ಳು ಚುಚ್ಚಿಟ್ಟರು. ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ನೋಡಿದರೆ ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು. 1908ರಲ್ಲಿ ಪಾಲ್ ಎರ್ಲಿಕ್ ಜೊತೆ ಅವರಿಗೆ ನೊಬೆಲ್ ಬಂತು.

ನಮ್ಮ ದೇಹದಲ್ಲಿ ಮೊದಲು ಧಾವಿಸುವ ಕಣ ನ್ಯೂಟ್ರೋಫಿಲ್. ಮೂಳೆಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿಯಷ್ಟು ನ್ಯೂಟ್ರೋಫಿಲ್ ತಯಾರಿಸುತ್ತದೆ. ಕಾಲಿನ ಗಾಯ ಕೀವಾಗುತ್ತಿದೆ ಎನ್ನಿ. ಅದರ ಹತ್ತಿರದ ರಕ್ತನಾಳದ ಒಳಗೋಡೆಯ ಮೇಲೆ ಸೆಲೆಕ್ಟಿನ್ ಎಂಬ ಪ್ರೋಟೀನು ಮೂಡುತ್ತದೆ. ರಕ್ತದ ಸೆಳವಿನಲ್ಲಿ ಬರುವ ಕಣ ಅದಕ್ಕೆ ತಾಗಿ ವೇಗ ಕಳೆದುಕೊಂಡು ಗೋಡೆಯುದ್ದಕ್ಕೂ ಉರುಳುತ್ತದೆ. ಆಮೇಲೆ ಇಂಟೆಗ್ರಿನ್ ಎಂಬ ಪ್ರೋಟೀನುಗಳ ನೆರವಿನಿಂದ ಗಟ್ಟಿಯಾಗಿ ಕಚ್ಚಿಕೊಂಡು, ಮೈ ಚಪ್ಪಟೆ ಮಾಡಿ, ಸಂದಿನಲ್ಲಿ ನುಸುಳಿ ಹೊರಬರುತ್ತದೆ. ಅಲ್ಲಿಂದ ಮುಂದೆ ಸೋಂಕಿನ ಜಾಗದಿಂದ ಕರೆಯುವ ರಾಸಾಯನಿಕದ ಜಾಡು ಹಿಡಿದು ಅದು ದಟ್ಟವಾಗಿರುವ ಕಡೆಗೆ ಸರಿಯುತ್ತದೆ. ಹುಟ್ಟಿನಿಂದಲೇ ಇಂಟೆಗ್ರಿನ್ ಕೆಟ್ಟಿರುವ ಮಕ್ಕಳು ಅಪರೂಪಕ್ಕೆ ಸಿಗುತ್ತಾರೆ. ಅವರಲ್ಲಿ ಕೌಂಟ್ ವಿಪರೀತ ಹೆಚ್ಚು, ಗಾಯದಲ್ಲಿ ಮಾತ್ರ ಕೀವಿಲ್ಲ. ಕಣಗಳೆಲ್ಲ ರಕ್ತದಲ್ಲೇ ಉಳಿದಿರುತ್ತವೆ.

ಸೆಪ್ಸಿಸ್‌ನಲ್ಲಿ, ಅಂದರೆ ಸೋಂಕಿಗೆ ದೇಹ ಕೊಡುವ ಪ್ರತಿಕ್ರಿಯೆಯೇ ಹದ ತಪ್ಪಿ ಅಂಗಾಂಗಗಳು ಸೋಲತೊಡಗಿದಾಗ, ಇಂಥ ಹುಟ್ಟುದೋಷ ಇಲ್ಲದವರಲ್ಲೂ ಕಣಗಳ ದಾರಿ ತಪ್ಪುತ್ತದೆ. ಜಾತ್ರೆಯಲ್ಲಿ ನಾಲ್ಕೂ ದಿಕ್ಕಿನ ಮೈಕು ಒಟ್ಟಿಗೆ ಕೂಗಿದರೆ ನಮ್ಮನ್ನು ಕರೆದವರು ಎಲ್ಲಿದ್ದಾರೆಂದು ತಿಳಿಯುತ್ತದೆಯೇ? ಹಾಗೆ, ಗಾಯದ ಹತ್ತಿರ ಮಾತ್ರ ಇರಬೇಕಾದ ರಾಸಾಯನಿಕ ಕರೆ ರಕ್ತದ ತುಂಬ ಹರಡಿರುತ್ತದೆ. ಕರೆಯನ್ನು ಗ್ರಹಿಸುವ ಸಿಎಕ್ಸ್‌ಸಿಆರ್2 ಎಂಬ ಗ್ರಾಹಕ ಕಣದ ಮೇಲ್ಮೈಯಲ್ಲಿರಬೇಕು. ಪ್ರಚೋದನೆ ಎಡೆಬಿಡದೆ ಬಂದಾಗ ಜಿಆರ್‌ಕೆ2 ಎಂಬ ಕಿಣ್ವ ಹೆಚ್ಚಿ, ಗ್ರಾಹಕ ಒಳಗೆ ಸೇರಿಬಿಡುತ್ತದೆ. ಬ್ರೆಜಿಲ್‌ನ ರಿಬೆರಾವ್ ಪ್ರೇತೊದಲ್ಲಿ ಫರ್ನಾಂಡೊ ಕುನ್ಯಾ ಅವರ ತಂಡ ಇದನ್ನು ವರ್ಷಗಟ್ಟಲೆ ಬಿಡಿಸಿ ನೋಡಿದೆ. ಸೋಂಕು ಸೌಮ್ಯವಾಗಿದ್ದ ಇಲಿಗಳ ಹೊಟ್ಟೆಯೊಳಕ್ಕೆ ನ್ಯೂಟ್ರೋಫಿಲ್‌ಗಳು ಸಾಕಷ್ಟು ಬಂದವು. ತೀವ್ರವಾಗಿದ್ದವುಗಳಲ್ಲಿ ಬರಲಿಲ್ಲ, ಬ್ಯಾಕ್ಟೀರಿಯಾ ರಕ್ತಕ್ಕೆ ಹರಡಿತು. ಮಿತಿಮೀರಿದ ನೈಟ್ರಿಕ್ ಆಕ್ಸೈಡ್ ಕಣಗಳು ಉರುಳುವುದನ್ನೂ ಕಚ್ಚಿಕೊಳ್ಳುವುದನ್ನೂ ಕುಗ್ಗಿಸುತ್ತದೆ ಎಂದೂ ಕಂಡರು.

ತೊಂದರೆ ಅಲ್ಲಿಗೇ ನಿಲ್ಲುವುದಿಲ್ಲ. ಇಂಥ ಕಣಗಳ ಒಳಗಿನ ಆಕ್ಟಿನ್ ಎಳೆಗಳು ಬಿಗಿದು ಮೈ ಪೆಡಸಾಗುತ್ತದೆ. ಶ್ವಾಸಕೋಶದ ಲೋಮನಾಳಗಳಲ್ಲಿ ಬಹಳಷ್ಟು ನ್ಯೂಟ್ರೋಫಿಲ್‌ಗಿಂತ ಕಿರಿದು. ಮೆತ್ತಗಿನ ಕಣ ಹೇಗೋ ತೂರಿಹೋಗುತ್ತದೆ, ಪೆಡಸಾದದ್ದು ಸಿಕ್ಕಿಕೊಳ್ಳುತ್ತದೆ. ಬ್ಯಾಕ್ಟೀರಿಯಾಕ್ಕೆಂದು ಇಟ್ಟುಕೊಂಡ ಕಿಣ್ವಗಳನ್ನು ಅಲ್ಲೇ ಚೆಲ್ಲಿ ಶ್ವಾಸಕೋಶವನ್ನೇ ಘಾಸಿ ಮಾಡುತ್ತದೆ. ಸೋಂಕು ಹೊಟ್ಟೆಯಲ್ಲಿದ್ದರೂ ರೋಗಿ ಉಸಿರಿಗೆ ಒದ್ದಾಡುವುದಕ್ಕೆ ಇದೊಂದು ಕಾರಣ.

ಹಾಗಾದರೆ ಕಣಗಳ ಸಂಖ್ಯೆಯನ್ನೇ ಇನ್ನಷ್ಟು ಏರಿಸಿದರೆ? ಮಜ್ಜೆಯನ್ನು ಹುರಿದುಂಬಿಸುವ ಜಿ-ಸಿಎಸ್‌ಎಫ್ ಚುಚ್ಚುಮದ್ದನ್ನು ಸೆಪ್ಸಿಸ್ ರೋಗಿಗಳಿಗೆ ಕೊಟ್ಟು ನೋಡಿದ್ದಾರೆ. ಕೌಂಟ್ ಏರಿತು, ಸಾವು ಇಳಿಯಲಿಲ್ಲ. ಈಗ ಸಂಶೋಧಕರ ಗಮನ ಕಣಗಳ ನಡಿಗೆಯ ಮೇಲಿದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವಿಜ್ಞಾನಿಗಳು 2018ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಒಂದು ತೊಟ್ಟು ರಕ್ತವನ್ನು ಕೂದಲಿಗಿಂತ ಸಣ್ಣ ಕಾಲುವೆಗಳಿರುವ ಚಿಪ್‌ಗೆ ಬಿಟ್ಟು, ಕಣಗಳು ಓಡಾಡುವ ರೀತಿಯಿಂದಲೇ ಸೆಪ್ಸಿಸ್ ಗುರುತಿಸುವುದು. ಕರೆಯುವ ರಾಸಾಯನಿಕ ಏನೂ ಇಲ್ಲದಿದ್ದರೂ ಸೆಪ್ಸಿಸ್ ರೋಗಿಯ ನ್ಯೂಟ್ರೋಫಿಲ್‌ಗಳು ಸುಮ್ಮನೆ ಅತ್ತಿತ್ತ ಅಲೆಯುತ್ತವೆ, ನಿಲ್ಲುತ್ತವೆ, ತಿರುಗುತ್ತವೆ.

ಕಣಗಳನ್ನು ಮತ್ತೆ ದಾರಿಗೆ ತರುವ ಔಷಧಿ ಇನ್ನೂ ವಾರ್ಡಿಗೆ ಬಂದಿಲ್ಲ. 2017ರ ಅಂದಾಜಿನಂತೆ ಆ ಒಂದೇ ವರ್ಷ ಜಗತ್ತಿನಲ್ಲಿ 4.89 ಕೋಟಿ ಜನಕ್ಕೆ ಸೆಪ್ಸಿಸ್ ಆಗಿ, 1.1 ಕೋಟಿ ಜನ ತೀರಿಕೊಂಡರು. ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಆಂಟಿಬಯಾಟಿಕ್, ಸಲೈನು, ಕೀವು ಹೊರತೆಗೆಯುವ ಶಸ್ತ್ರಕ್ರಿಯೆ. ಇವೆಲ್ಲ ಬೇಗ ಸಿಕ್ಕಷ್ಟೂ ಒಳ್ಳೆಯದು. ಜ್ವರದ ಜೊತೆ ಉಸಿರು ಜೋರಾದರೆ, ಮಾತು ತೊದಲಿದರೆ, ಮಂಕು ಕವಿದರೆ, ಮೂತ್ರ ಕಡಿಮೆಯಾದರೆ, ಕೈಕಾಲು ತಣ್ಣಗಾದರೆ, ‘ಬೆಳಗಾಗಲಿ, ನೋಡೋಣ’ ಅನ್ನಬೇಡಿ. ಆಗಲೇ ಆಸ್ಪತ್ರೆಗೆ ಕರೆದೊಯ್ದು, ‘ಇದು ಸೆಪ್ಸಿಸ್ ಇರಬಹುದೇ ಡಾಕ್ಟ್ರೇ?’ ಎಂದು ನೇರವಾಗಿ ಕೇಳಿ.