ವಿಶೇಷ ಶಾಲೆಯ ಹೊಸ್ತಿಲಲ್ಲಿ
(ಶತಮಾನೋತ್ಸವದ ಕುಟುಂಬ ದಿನದಂದು ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ದೇವಾಲಯವನ್ನು ಕಟ್ಟಿದ ಹಿರಿಯರನ್ನು ನಾವು ಈ ದಿನಗಳಲ್ಲಿ ಕೃತಜ್ಞತೆಯಿಂದ ನೆನೆದಿದ್ದೇವೆ. ಆದರೆ ಜನರ ಕಣ್ಣಿಗಂಜಿದ ಹೆತ್ತವರು ಮನೆಯೊಳಗೇ ಉಳಿಸಿಕೊಂಡ ಮಕ್ಕಳನ್ನು ನೆನೆಯದಿದ್ದರೆ ನಮ್ಮ ಉತ್ಸವವು ಪೂರ್ಣವಾಗದು.

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ನಾಲ್ಕು ವರ್ಷದ ಮಗನೊಡನೆ ನಮ್ಮಲ್ಲಿಗೆ ಬಂದರು. ಮಗುವಿಗೆ ಮಾತು ಬಂದಿರಲಿಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಪಟ್ಟಣದ ಖಾಸಗಿ ವಿಶೇಷ ಶಾಲೆಗೆ ಸೇರಿಸಲೇ ಎಂದು ಕೇಳಿದರು. "ಜನ ಏನೆಂದಾರು ಸ್ವಾಮಿ?" ಎಂದು ಕಣ್ಣೀರಿಟ್ಟರು. "ದೊಡ್ಡವನಾದರೆ ಸರಿಹೋದಾನು, ಪ್ರಾರ್ಥಿಸಿ, ಕಾಯಿರಿ" ಎಂದು ನಾವು ಹೇಳಿ ಕಳುಹಿಸಿದೆವು. ಆಕೆ ಮೂರು ವರ್ಷ ಕಾದರು. ಕೊನೆಗೆ ಶಾಲೆಗೆ ಸೇರಿಸುವ ದಿನ ನಾವೂ ಜೊತೆಯಲ್ಲಿ ಹೋದೆವು. "ಇಷ್ಟು ತಡವೇಕೆ?" ಎಂದು ಶಿಕ್ಷಕಿ ಕೇಳಿದರು. ಪಕ್ಕದಲ್ಲಿಯೇ ನಿಂತಿದ್ದ ನಮ್ಮತ್ತ ಆ ತಾಯಿ ತಿರುಗಿಯೂ ನೋಡಲಿಲ್ಲ. ಪ್ರಾರ್ಥನೆ ವ್ಯರ್ಥವಾಗಿರಲಿಲ್ಲ, ನಮ್ಮ ಸಲಹೆ ತಪ್ಪಾಗಿತ್ತು. ಎಳೆಯ ವಯಸ್ಸಿನಲ್ಲಿ ಕಲಿಸಬೇಕಾದುದನ್ನು ಮುಂದೂಡಿದಷ್ಟೂ ಕಲಿಕೆ ಕಷ್ಟವಾಗುವುದೆಂಬುದನ್ನು ನಾವು ಅರಿತಿರಲಿಲ್ಲ.

ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲವೆಂದು ವಿಚಾರಿಸಿದಾಗ, ಪ್ರಭುವು ಆ ಎಣಿಕೆಯನ್ನೇ ತಳ್ಳಿಹಾಕಿದರು. ಆದುದರಿಂದ ಹೆತ್ತವರು ನಾಚಬೇಕಾದುದೇನೂ ಇಲ್ಲ. ವಿಶೇಷ ಶಾಲೆಗೆ ಸೇರಿಸುವುದೆಂದರೆ ಮಗುವನ್ನು ದೂರ ಮಾಡುವುದಲ್ಲ; ಅದಕ್ಕೆ ತಿಳಿಯುವ ರೀತಿಯಲ್ಲಿ ಕಲಿಸುವವರ ಕೈಗೆ ಒಪ್ಪಿಸುವುದು. ಮಂಗಳೂರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸಿಸ್ಟರುಗಳು ಸಂತ ಆಗ್ನೆಸ್ ವಿಶೇಷ ಶಾಲೆಯನ್ನು 1970ರಲ್ಲಿಯೇ ತೆರೆದರೆಂಬುದು ನಮಗೆ ಹೆಮ್ಮೆಯ ವಿಷಯ.

ಎಲ್ಲ ಮಕ್ಕಳಿಗೂ ವಿಶೇಷ ಶಾಲೆಯೇ ಬೇಕೆಂದಿಲ್ಲ. ತುಸು ನೆರವಿನಿಂದ ಊರ ಶಾಲೆಯಲ್ಲಿಯೇ ಕಲಿಯಬಲ್ಲ ಮಕ್ಕಳಿದ್ದಾರೆ. ಆದುದರಿಂದ ಮೊದಲು ತಜ್ಞರಿಂದ ಪರೀಕ್ಷೆ ಮಾಡಿಸಿರಿ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ಕಿವಿ ಎರಡನ್ನೂ ಪರೀಕ್ಷಿಸುತ್ತಾರೆ. ಬಳಿಕ ಶಾಲೆಗೆ ಹೋಗಿ ಒಂದು ದಿನ ಕುಳಿತು ನೋಡಿರಿ. ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ? ಪ್ರತಿ ಮಗುವಿಗೂ ಪ್ರತ್ಯೇಕ ಪಾಠಯೋಜನೆಯುಂಟೇ? ಅಲ್ಲಿ ಕಲಿತುದನ್ನು ಮನೆಯಲ್ಲಿ ಮುಂದುವರಿಸಲು ಹೆತ್ತವರಿಗೂ ಹೇಳಿಕೊಡುವರೇ? ಇವನ್ನು ಸಂಕೋಚವಿಲ್ಲದೆ ಕೇಳಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವೆಂದು ಪ್ರಮಾಣೀಕೃತವಾದ 6ರಿಂದ 18 ವರ್ಷದ ಮಗುವಿಗೆ, ನೆರೆಯ ಶಾಲೆಯಲ್ಲಾಗಲಿ, ತನಗೆ ಬೇಕಾದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಆದರೂ ಖಾಸಗಿ ಶಾಲೆಗಳಲ್ಲಿ ಶುಲ್ಕವೂ ವಾಹನದ ಖರ್ಚೂ ಇರುವುದುಂಟು. ಅಲ್ಲಿ ಸರ್ಕಾರದ ಅನುದಾನವಿದೆಯೇ ಎಂದು ವಿಚಾರಿಸಿರಿ. ಹಣ ಸಾಲದಾದರೆ ನಮ್ಮ ಬಳಿಗೆ ಬನ್ನಿರಿ. ಆ ಹೊರೆಯನ್ನು ಹೊರುವುದು ಇಡೀ ಧರ್ಮಕೇಂದ್ರದ ಕರ್ತವ್ಯ.

ಆ ಬಾಲಕ ಇಂದಿಗೂ ಹೆಚ್ಚು ಮಾತನಾಡುವುದಿಲ್ಲ. ಆದರೆ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುತ್ತಾನೆ. ಹಸಿದಾಗ ಊಟದ ಚಿತ್ರವನ್ನು ಬೆರಳಿಟ್ಟು ತೋರಿಸುತ್ತಾನೆ. ಭಾನುವಾರಗಳಲ್ಲಿ ತಾಯಿಯೊಡನೆ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾನೆ. ಬಲಿಪೂಜೆಯ ನಡುವೆ ಒಮ್ಮೊಮ್ಮೆ ಕೂಗುತ್ತಾನೆ. ಆಗ ಯಾರೂ ಹುಬ್ಬು ಗಂಟಿಕ್ಕಬೇಡಿರೆಂದು ನಮ್ಮ ಬಿನ್ನಹ. ಆ ಕೂಗು ನಮ್ಮ ಪ್ರಾರ್ಥನೆಗೆ ಅಡ್ಡಿಯಲ್ಲ. ಅದೂ ಈ ದೇವಾಲಯದ ಧ್ವನಿಯೇ.

ಪ್ರಭುವು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.